ಕಂಪ್ಯೂಟರಿನ ಹಾಡು ಹೊರಗಿನ ಸಾಧನದಲ್ಲಿ ಕೆಟ್ಟು ಕೇಳಿದಾಗ: ಆಡಿಯೊ ಇಂಟರ್‌ಫೇಸ್ ಮತ್ತು ರೆಕಾರ್ಡರ್‌ಗಳ ದೋಷ ನಿವಾರಣೆ

ನೃತ್ಯದ ತಾಲೀಮಿಗೆ ಧ್ವನಿಮುದ್ರಿತ ಹಿಮ್ಮೇಳ ಹಾಕಲು, ತಂಬೂರದ ಶ್ರುತಿ ಹಾಕಿಕೊಂಡು ಅಭ್ಯಾಸ ಮಾಡಲು, ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಕಚೇರಿಗಳನ್ನು ಒಳ್ಳೆಯ ಸ್ಪೀಕರ್‌ನಲ್ಲಿ ಕೇಳಲು ಈಗ ಬಹಳ ಮಂದಿ ಲ್ಯಾಪ್‌ಟಾಪಿಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸನ್ನೋ (ಕಂಪ್ಯೂಟರಿಗೆ ಧ್ವನಿಯನ್ನು ಒಳತರುವ, ಹೊರಕಳಿಸುವ ಪೆಟ್ಟಿಗೆ) ಕೈಯಲ್ಲಿ ಹಿಡಿಯುವ ರೆಕಾರ್ಡರನ್ನೋ ಜೋಡಿಸುತ್ತಾರೆ. ಇವು ಮುಖ್ಯವಾಗಿ ಧ್ವನಿಮುದ್ರಣಕ್ಕೆಂದು ತಯಾರಾದ ಸಾಧನಗಳು. ಹಾಡು ನುಡಿಸುವುದು ಇವುಗಳ ಎರಡನೆಯ ಕೆಲಸವಾದ್ದರಿಂದ, ಮುದ್ರಣಕ್ಕೆ ಬೇಕಾದ ಗುಂಡಿ, ನಾಬ್, ಸೆಟ್ಟಿಂಗ್‌ಗಳೆಲ್ಲ ನುಡಿಸುವವನ ದಾರಿಗೆ ಅಡ್ಡ ಬರುತ್ತವೆ. ಇಂಥ ಜೋಡಣೆಗಳನ್ನು ಸರಿಪಡಿಸಿಕೊಡುತ್ತ ಬಂದ ನನ್ನ ಅನುಭವದಲ್ಲಿ ಸಾಧನವೇ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ತಪ್ಪಿರುವುದು ಒಂದು ಕೇಬಲ್ ಅಥವಾ ಒಂದು ಆಯ್ಕೆ. ಆದರೂ ಜನ ಮೊದಲು ಕೊಳ್ಳಲು ಹೊರಡುವುದು ಹೊಸ ಸಾಧನವನ್ನೇ.

ಧ್ವನಿ ಸಾಗುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹುಡುಕುವ ಕೆಲಸ ಅರ್ಧವಾಗುತ್ತದೆ. ಫೈಲ್, ಅದನ್ನು ನುಡಿಸುವ ತಂತ್ರಾಂಶ, ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ, ಯುಎಸ್‌ಬಿ ಕೇಬಲ್, ಇಂಟರ್‌ಫೇಸ್, ಅದರಿಂದ ಹೊರಟ ಆಡಿಯೊ ಕೇಬಲ್, ಕೊನೆಗೆ ಮಿಕ್ಸರ್ ಅಥವಾ ಆಂಪ್ಲಿಫೈಯರ್ ಮತ್ತು ಸ್ಪೀಕರ್. ಈ ದಾರಿಯ ನಡುಮಧ್ಯದಲ್ಲಿ ಇಂಟರ್‌ಫೇಸಿನ ಹೆಡ್‌ಫೋನ್ ಜ್ಯಾಕ್ ಇದೆ. ಯಾವ ದೋಷವೇ ಇರಲಿ, ಮೊದಲು ಅಲ್ಲಿಗೆ ಹೆಡ್‌ಫೋನ್ ಚುಚ್ಚಿ ಕೇಳಬೇಕು. ಅಲ್ಲೂ ಧ್ವನಿ ಕೆಟ್ಟಿದ್ದರೆ ದೋಷ ಕಂಪ್ಯೂಟರಿನ ಕಡೆಗೆ ಅಥವಾ ಇಂಟರ್‌ಫೇಸಿನಲ್ಲಿದೆ. ಅಲ್ಲಿ ಸರಿಯಿದ್ದು ಸ್ಪೀಕರ್‌ನಲ್ಲಿ ಮಾತ್ರ ಕೆಟ್ಟಿದ್ದರೆ ದೋಷ ಮುಂದಿನ ಕೇಬಲ್ಲಿನಲ್ಲೋ ಆಂಪ್ಲಿಫೈಯರಿನಲ್ಲೋ ಇದೆ. ಕೆಳಗಿನ ಎಲ್ಲ ವಿಭಾಗಗಳೂ ಈ ಪರೀಕ್ಷೆ ಮುಗಿದಿದೆ ಎಂದೇ ಭಾವಿಸಿಕೊಂಡು ಬರೆದವು.

ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳುವ ಮೊದಲು ಅದರ ನಾಬನ್ನು ಪೂರ್ತಿ ಕೆಳಗಿಳಿಸಿರಬೇಕು. ಕೇಬಲ್ ಬದಲಿಸುವಾಗ ಆಂಪ್ಲಿಫೈಯರನ್ನು ಆರಿಸಿರಬೇಕು. ಹಚ್ಚುವಾಗ ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ, ಆರಿಸುವಾಗ ಎಲ್ಲಕ್ಕಿಂತ ಮೊದಲು. ಈ ಕ್ರಮ ತಪ್ಪಿದಾಗ ಬರುವ ‘ಧಡ್’ ಎಂಬ ಸದ್ದು ಸ್ಪೀಕರ್‌ಗಳಿಗೆ ಒಳ್ಳೆಯದಲ್ಲ.

ಸದ್ದೇ ಬರುತ್ತಿಲ್ಲ

ಸಾಧನದ ದೀಪ ಹೊತ್ತಿದೆಯೇ ಎಂದು ನೋಡಿ. ದೀಪ ಹೊತ್ತಿಯೂ ಕಂಪ್ಯೂಟರಿನ ಪಟ್ಟಿಯಲ್ಲಿ ಸಾಧನದ ಹೆಸರು ಕಾಣದಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲಿರಲಿ. ಮೊಬೈಲ್ ಚಾರ್ಜ್ ಮಾಡಲೆಂದೇ ಮಾರುವ ಕೆಲವು ಯುಎಸ್‌ಬಿ ಕೇಬಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿ ಮಾತ್ರ ಇರುತ್ತವೆ, ದತ್ತಾಂಶದ ತಂತಿಗಳೇ ಇರುವುದಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಬಗೆ. ಆ ಕೇಬಲ್ಲಿನಲ್ಲಿ ಫೋನಿನಿಂದ ಕಂಪ್ಯೂಟರಿಗೆ ಚಿತ್ರಗಳನ್ನು ಕಳಿಸಲು ಆಗುತ್ತದೆಯೇ ಎಂದು ನೋಡಿದರೆ ಖರ್ಚಿಲ್ಲದೆ ಪರೀಕ್ಷೆ ಮುಗಿಯುತ್ತದೆ.

ಕೈ ರೆಕಾರ್ಡರ್ ಬಳಸುವವರು ಗಮನಿಸಬೇಕಾದದ್ದು ಬೇರೆ. ಇವುಗಳಲ್ಲಿ ಹಲವನ್ನು ಯುಎಸ್‌ಬಿಗೆ ಚುಚ್ಚಿದಾಗ ಪರದೆಯ ಮೇಲೆ ಎರಡು ಆಯ್ಕೆಗಳು ಬರುತ್ತವೆ: ಒಂದರಲ್ಲಿ ರೆಕಾರ್ಡರ್ ಪೆನ್ ಡ್ರೈವ್‌ನಂತೆ ವರ್ತಿಸುತ್ತದೆ, ಇನ್ನೊಂದರಲ್ಲಿ ಸೌಂಡ್ ಕಾರ್ಡಿನಂತೆ. ಕಂಪ್ಯೂಟರಿನಲ್ಲಿ ಅದು ಹೊಸ ಡ್ರೈವ್ ಆಗಿ ಕಾಣಿಸಿಕೊಂಡಿದ್ದರೆ ಧ್ವನಿ ಬರುವ ಮಾತೇ ಇಲ್ಲ. ಅದನ್ನು ಸರಿಯಾದ ಕ್ರಮದಲ್ಲಿ ತೆಗೆದು, ಮತ್ತೆ ಚುಚ್ಚಿ, ಆಡಿಯೊ ಇಂಟರ್‌ಫೇಸ್ ಎಂಬ ಆಯ್ಕೆಯನ್ನು ಒತ್ತಬೇಕು.

ಹೆಸರು ಪಟ್ಟಿಯಲ್ಲಿದ್ದೂ ಸದ್ದಿಲ್ಲದಿದ್ದರೆ, ಕಂಪ್ಯೂಟರಿನ ಧ್ವನಿ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಆಗಿ ಅದೇ ಆಯ್ಕೆಯಾಗಿದೆಯೇ, ನುಡಿಸುವ ತಂತ್ರಾಂಶದೊಳಗೆ ಬೇರೊಂದು ಔಟ್‌ಪುಟ್ ಪ್ರತ್ಯೇಕವಾಗಿ ಆಯ್ಕೆಯಾಗಿ ಕುಳಿತಿದೆಯೇ ಎಂದು ಎರಡನ್ನೂ ನೋಡಬೇಕು. ನಾಲ್ಕು ಔಟ್‌ಪುಟ್‌ಗಳ ಇಂಟರ್‌ಫೇಸ್ ಆದರೆ ಹಾಡು 3 ಮತ್ತು 4ಕ್ಕೆ ಹೋಗುತ್ತಿದ್ದು ಸ್ಪೀಕರ್ 1 ಮತ್ತು 2ರಲ್ಲಿ ಇರುವುದೂ ಉಂಟು. ಕೆಲವು ಸಾಧನಗಳ ಮುಂಭಾಗದಲ್ಲಿ ಒಂದು ತುದಿಗೆ ಇನ್‌ಪುಟ್, ಇನ್ನೊಂದು ತುದಿಗೆ ಪ್ಲೇಬ್ಯಾಕ್ ಎಂದು ಬರೆದ ನಾಬ್ ಇರುತ್ತದೆ. ಅದು ಪೂರ್ತಿ ಇನ್‌ಪುಟ್ ಕಡೆಗೆ ತಿರುಗಿದ್ದರೆ ಕಂಪ್ಯೂಟರಿನ ಧ್ವನಿ ಕೇಳುವುದೇ ಇಲ್ಲ, ಮೈಕಿನದು ಮಾತ್ರ ಕೇಳುತ್ತದೆ. ಹಿಂದಿನ ದಿನ ಹಾಡು ಮುದ್ರಿಸಿದವರು ಮರುದಿನ ಕಾಣುವ ‘ದೋಷ’ ಬಹುತೇಕ ಇದೇ.

ಒಂದು ತಂತ್ರಾಂಶದಲ್ಲಿ ಧ್ವನಿ ಬಂದು ಮತ್ತೊಂದರಲ್ಲಿ ಬಾರದಿದ್ದರೆ, ಮೊದಲನೆಯದು ಸಾಧನವನ್ನು ತನಗೊಬ್ಬನಿಗೇ ಎಂದು ಹಿಡಿದಿಟ್ಟುಕೊಂಡಿರಬಹುದು. ವಿಂಡೋಸ್‌ನಲ್ಲಿ ಇದನ್ನು ಎಕ್ಸ್‌ಕ್ಲೂಸಿವ್ ಮೋಡ್ ಎನ್ನುತ್ತಾರೆ. ಮೊದಲನೆಯದನ್ನು ಪೂರ್ತಿ ಮುಚ್ಚಿದರೆ ಎರಡನೆಯದಕ್ಕೆ ದಾರಿ ಬಿಡುತ್ತದೆ.

ಸಾಧನದೊಂದಿಗೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ, ಅಂದರೆ ಡ್ರೈವರ್‌ನ ವಿಚಾರ ಕೊನೆಗೆ. ಯುಎಸ್‌ಬಿ ಆಡಿಯೊ 2.0 ಮಾನಕಕ್ಕೆ ವಿಂಡೋಸ್ ತನ್ನದೇ ಡ್ರೈವರ್ ಕೊಟ್ಟದ್ದು 2017ರಲ್ಲಿ, ವಿಂಡೋಸ್ 10ರ 1703 ಎಂಬ ಆವೃತ್ತಿಯಿಂದ. ಅದಕ್ಕಿಂತ ಹಳೆಯ ವಿಂಡೋಸ್ ಇರುವ ಯಂತ್ರದಲ್ಲಿ ತಯಾರಕರ ಜಾಲತಾಣದಿಂದ ಡ್ರೈವರ್ ಇಳಿಸಿಕೊಳ್ಳದೆ ಇಂಥ ಸಾಧನಗಳು ನಡೆಯುವುದಿಲ್ಲ. ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಈ ತೊಡಕಿಲ್ಲ.

ಧ್ವನಿಯನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಕೇಬಲ್ ಬಳಸುವವರು ಅದರ ತುದಿಗಳಲ್ಲಿರುವ ಸಣ್ಣ ಪ್ಲಾಸ್ಟಿಕ್ ಟೋಪಿಯನ್ನು ತೆಗೆದಿದ್ದೇವೆಯೇ ಎಂದು ಸಂಕೋಚಪಡದೆ ನೋಡಿಕೊಳ್ಳಬಹುದು. ನಾನೇ ಒಮ್ಮೆ ಅರ್ಧ ಗಂಟೆ ಕಳೆದಿದ್ದೇನೆ. ಕೆಂಪು ಬೆಳಕು ಅಂಗೈ ಮೇಲೆ ಬೀಳುತ್ತಿದ್ದೂ ಧ್ವನಿ ಬಾರದಿದ್ದರೆ, ಒಂದು ಕಡೆ ಎಡಿಎಟಿ, ಇನ್ನೊಂದು ಕಡೆ ಎಸ್‌ಪಿಡಿಐಎಫ್ ಎಂದು ಆಯ್ಕೆಯಾಗಿರಬಹುದು. ಕೇಬಲ್ ಒಂದೇ, ಕಿಂಡಿ ಒಂದೇ, ಒಳಗಿನ ಭಾಷೆ ಬೇರೆ. ಸಿನಿಮಾ ಫೈಲ್ ನುಡಿಸಿದಾಗ ಇದೇ ದಾರಿಯಲ್ಲಿ ಕಿವಿಗಡಚಿಕ್ಕುವಂತೆ ‘ಶರ್ರ್’ ಎಂಬ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಸರೌಂಡ್ ಧ್ವನಿಯ ಸಂಕುಚಿತ ದತ್ತಾಂಶವನ್ನು ಸಾಧನ ಸಾಮಾನ್ಯ ಧ್ವನಿಯೆಂದು ತಿಳಿದು ನುಡಿಸುತ್ತಿದೆ ಎಂಬುದು ಅದರ ಅರ್ಥ. ತಂತ್ರಾಂಶದಲ್ಲಿ ಪಾಸ್‌ಥ್ರೂ (ದತ್ತಾಂಶವನ್ನು ಬಿಡಿಸದೆ ಹಾಗೇ ದಾಟಿಸುವ ಆಯ್ಕೆ) ತೆಗೆದು ಪಿಸಿಎಂ ಸ್ಟೀರಿಯೊ (ಸಂಕುಚಿಸದ ಎಡಬಲ ಧ್ವನಿ) ಎಂದು ಆಯ್ಕೆ ಮಾಡಬೇಕು.

ಶ್ರುತಿ ಏರಿದೆ ಅಥವಾ ಇಳಿದಿದೆ

ಸಂಗೀತಗಾರರು ಮೊದಲ ಸಾಲಿನಲ್ಲೇ ಹಿಡಿಯುವ, ಉಳಿದವರು ‘ಇವತ್ತು ಹಾಡು ಯಾಕೋ ಚುರುಕಾಗಿದೆ’ ಎಂದು ಸುಮ್ಮನಾಗುವ ದೋಷ ಇದು. ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಸಂಖ್ಯೆಯಾಗಿ ಬರೆದಿದ್ದಾರೆ ಎಂಬುದು ಫೈಲ್‌ನ ಸ್ಯಾಂಪಲ್ ದರ. ಸಿಡಿಯದು 44,100, ವಿಡಿಯೊ ಕೆಲಸದ್ದು ಸಾಮಾನ್ಯವಾಗಿ 48,000. ಮೊದಲನೆಯ ಸಂಖ್ಯೆ ವಿಚಿತ್ರವಾಗಿ ಕಾಣಲು ಕಾರಣ, ಡಿಜಿಟಲ್ ಧ್ವನಿಯನ್ನು ಆರಂಭದಲ್ಲಿ ವಿಡಿಯೊ ಟೇಪಿನ ಗೆರೆಗಳೊಳಗೆ ಬರೆಯುತ್ತಿದ್ದದ್ದು. ಒಂದು ಗೆರೆಗೆ 3 ಅಳತೆಗಳು, 245 ಗೆರೆಗಳು, ಸೆಕೆಂಡಿಗೆ 60 ಸಲ ಎಂದು ಗುಣಿಸಿದರೆ ಅದೇ ಸಂಖ್ಯೆ ಸಿಗುತ್ತದೆ.

44,100ರಲ್ಲಿ ಬರೆದದ್ದನ್ನು ಪರಿವರ್ತಿಸದೆ 48,000ರ ವೇಗದಲ್ಲಿ ಓದಿಸಿದರೆ ಹಾಡು ಸುಮಾರು ಶೇಕಡ 9ರಷ್ಟು ವೇಗವಾಗುತ್ತದೆ, ಶ್ರುತಿಯೂ ಅದರೊಂದಿಗೇ ಏರುತ್ತದೆ. ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಒಂದೊಂದಾಗಿ ಎಣಿಸಿದರೆ ಈ ಏರಿಕೆ ಹತ್ತಿರ ಹತ್ತಿರ ಒಂದೂವರೆ ಮನೆ. ಈ ‘ಅರ್ಧ’ ಬಹಳ ಉಪಯುಕ್ತವಾದ ಗುರುತು. ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಶ್ರುತಿ ಬದಲಿಸಿದ್ದರೆ ಅದು ಸಾಮಾನ್ಯವಾಗಿ ಪೂರ್ತಿ ಮನೆಗಳ ಲೆಕ್ಕದಲ್ಲಿರುತ್ತದೆ, ಹಾರ್ಮೋನಿಯಂನ ಯಾವುದೋ ಒಂದು ಮನೆಗೆ ಕೂಡುತ್ತದೆ. ಸ್ಯಾಂಪಲ್ ದರದ ದೋಷವಾದರೆ ಷಡ್ಜ ಎರಡು ಮನೆಗಳ ನಡುವೆ ಬಿದ್ದು ಯಾವುದಕ್ಕೂ ಕೂಡದೆ ಒದ್ದಾಡುತ್ತದೆ. ಶ್ರುತಿ ಹಿಡಿಯಲಾರದವರು ಗಡಿಯಾರ ನೋಡಬಹುದು: ಹತ್ತು ನಿಮಿಷದ ಹಾಡು 9 ನಿಮಿಷ 11 ಸೆಕೆಂಡಿಗೆ ಮುಗಿದರೆ ಇದೇ ದೋಷ, 10 ನಿಮಿಷ 53 ಸೆಕೆಂಡಿನವರೆಗೆ ಎಳೆದರೆ ಇದರ ತಿರುವುಮುರುವು, ಅಂದರೆ 48,000ದ ಫೈಲ್ 44,100ರಲ್ಲಿ ಓಡುತ್ತಿದೆ.

ಸಾಮಾನ್ಯ ಹಾಡು ನುಡಿಸುವ ತಂತ್ರಾಂಶದಲ್ಲಿ ಇದು ಅಪರೂಪ, ಏಕೆಂದರೆ ಕಾರ್ಯಾಚರಣೆ ವ್ಯವಸ್ಥೆಯೇ ನಡುವೆ ನಿಂತು ದರವನ್ನು ಪರಿವರ್ತಿಸುತ್ತದೆ. ತೊಂದರೆ ಹುಟ್ಟುವುದು ಮುಖ್ಯವಾಗಿ ಎರಡು ಕಡೆ. ಮುದ್ರಣದ ತಂತ್ರಾಂಶದಲ್ಲಿ 48,000ದ ಪ್ರಾಜೆಕ್ಟ್ ತೆರೆದು ಅದರೊಳಗೆ 44,100ರ ಫೈಲನ್ನು ಪರಿವರ್ತಿಸದೆ ಎಳೆದು ಹಾಕಿದಾಗ ಒಂದು. ಇಂಟರ್‌ಫೇಸಿನ ಕ್ಲಾಕ್, ಅಂದರೆ ಅಳತೆಗಳಿಗೆ ತಾಳ ಹಾಕುವ ಒಳಗಿನ ಗಡಿಯಾರ, ಬೇರೊಂದು ಸಾಧನವನ್ನು ಅನುಸರಿಸುವಂತೆ ಆಯ್ಕೆಯಾಗಿದ್ದು, ಆ ಸಾಧನ 48,000ದಲ್ಲಿ ಓಡುತ್ತಿದ್ದು, ಕಂಪ್ಯೂಟರ್ ಮಾತ್ರ 44,100 ಎಂದೇ ನಂಬಿಕೊಂಡಿದ್ದಾಗ ಇನ್ನೊಂದು. ಎರಡನೆಯದಕ್ಕೆ ಪರಿಹಾರ ಸುಲಭ: ಹೊರಗಿನಿಂದ ಡಿಜಿಟಲ್ ಕೇಬಲ್ ಏನೂ ಬಂದಿಲ್ಲದಿದ್ದರೆ ಕ್ಲಾಕ್ ಆಯ್ಕೆಯನ್ನು ಇಂಟರ್ನಲ್‌ಗೆ ತನ್ನಿ. ಮೊದಲನೆಯದಕ್ಕೆ ಫೈಲನ್ನೇ ಪರಿವರ್ತಿಸಿ ಒಳಗೆ ತರಬೇಕು. ತಂತ್ರಾಂಶದಲ್ಲಿ ಶ್ರುತಿ ಇಳಿಸುವ ಉಪಕರಣ ಬಳಸಿ ‘ಸರಿ’ ಮಾಡಿಕೊಂಡರೆ ನಡೆ ವೇಗವಾಗಿಯೇ ಉಳಿಯುತ್ತದೆ, ನರ್ತಕಿಯ ಹೆಜ್ಜೆ ಅದನ್ನು ಬಚ್ಚಿಡಲು ಬಿಡುವುದಿಲ್ಲ.

ಕ್ಯಾಸೆಟ್‌ನಿಂದ ಇಳಿಸಿದ ಫೈಲ್ ಆದರೆ ಈ ಲೆಕ್ಕಕ್ಕೆ ಸೇರದ ಸಣ್ಣ ವ್ಯತ್ಯಾಸವೂ ಇರಬಹುದು. ಅದು ಇಳಿಸಿದ ಡೆಕ್ಕಿನ ಮೋಟಾರಿನ ವೇಗದ್ದೇ ಹೊರತು ಈಗಿನ ಸಾಧನದ್ದಲ್ಲ.

ಪಟಪಟ ಸದ್ದು, ನಡುನಡುವೆ ಕತ್ತರಿಸುವುದು

ಕಂಪ್ಯೂಟರ್ ಧ್ವನಿಯನ್ನು ಹಿಡಿ ಹಿಡಿಯಾಗಿ ಸಾಧನಕ್ಕೆ ಕಳಿಸುತ್ತದೆ. ಒಂದು ಹಿಡಿಯಲ್ಲಿ ಎಷ್ಟು ಅಳತೆಗಳು ಎಂಬುದೇ ಬಫರ್. 44,100ರ ದರದಲ್ಲಿ 128 ಎಂದಿಟ್ಟರೆ ಒಂದು ಹಿಡಿ ಸುಮಾರು 3 ಮಿಲಿಸೆಕೆಂಡಿಗೆ ಖಾಲಿ. 1,024 ಎಂದಿಟ್ಟರೆ 23 ಮಿಲಿಸೆಕೆಂಡ್ ಬರುತ್ತದೆ. ಮುಂದಿನ ಹಿಡಿ ಬರುವುದು ತಡವಾದ ಕ್ಷಣದಲ್ಲೇ ‘ಪಟ್’ ಎನ್ನುತ್ತದೆ. ಮುದ್ರಣ ಮಾಡುವವರು ತಮ್ಮ ಧ್ವನಿ ತಡವಾಗಿ ಕೇಳಬಾರದೆಂದು ಬಫರ್ ಕಡಿಮೆ ಇಡುತ್ತಾರೆ. ಬರೀ ನುಡಿಸುವವರಿಗೆ ಆ ಅವಸರವಿಲ್ಲವಾದ್ದರಿಂದ ಮೊದಲು ಅದನ್ನು 512ಕ್ಕೋ 1,024ಕ್ಕೋ ಏರಿಸಿ ನೋಡಿ.

ಏರಿಸಿದರೂ ನಿಲ್ಲದಿದ್ದರೆ ಯುಎಸ್‌ಬಿ ಹಬ್ ತೆಗೆದು ಸಾಧನವನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಯುಎಸ್‌ಬಿ 2.0 ಕಿಂಡಿಯೊಂದು ಕೊಡಬೇಕಾದದ್ದು 500 ಮಿಲಿಆಂಪಿಯರ್. ಅದನ್ನೇ ಹಬ್ಬಿನ ಮೂಲಕ ಹಾರ್ಡ್ ಡಿಸ್ಕ್‌ನೊಂದಿಗೆ ಹಂಚಿಕೊಂಡರೆ ಇಂಟರ್‌ಫೇಸ್ ಹಸಿವಿನಿಂದ ತತ್ತರಿಸುತ್ತದೆ. ಆಮೇಲೆ ವೈಫೈ ಮತ್ತು ಬ್ಲೂಟೂತ್ ಆಫ್ ಮಾಡಿ, ಬ್ಯಾಟರಿ ಉಳಿತಾಯದ ಆಯ್ಕೆಯನ್ನು ತೆಗೆದು ನೋಡಿ. ವೈಫೈ ಆಫ್ ಮಾಡಿದೊಡನೆ ಸದ್ದು ನಿಂತರೆ ದೋಷ ವೈಫೈ ಡ್ರೈವರಿನದಿರಬಹುದು, ಅದನ್ನು ನವೀಕರಿಸಿ ನೋಡಿ. ಕೆಲವು ಸೆಕೆಂಡಿಗೊಮ್ಮೆ, ಗಡಿಯಾರ ಹಿಡಿದಂತೆ ಸಮ ಅಂತರದಲ್ಲಿ ‘ಟಿಕ್’ ಎನ್ನುತ್ತಿದ್ದರೆ ಅದು ಬಫರಿನದಲ್ಲ. ಎರಡು ಡಿಜಿಟಲ್ ಸಾಧನಗಳು ಒಂದೇ ಕ್ಲಾಕಿಗೆ ಬಂದಿಲ್ಲ. ಒಂದನ್ನು ಯಜಮಾನನಾಗಿ, ಇನ್ನೊಂದನ್ನು ಅದರ ಅನುಯಾಯಿಯಾಗಿ ಆರಿಸಬೇಕು.

‘ಗುಂಯ್’ ಎಂಬ ಸದ್ದು

ಹಾಡು ನಿಲ್ಲಿಸಿದಾಗಲೂ ಕೇಳುವ ಈ ಸದ್ದಿನಲ್ಲಿ ಹಲವು ಬಗೆಗಳಿವೆ, ಬಗೆಯೇ ಕಾರಣವನ್ನು ಹೇಳುತ್ತದೆ. ಫ್ಯಾನಿನ ರೆಗ್ಯುಲೇಟರನ್ನು ತಿರುಗಿಸಿದಾಗ ಸದ್ದಿನ ಗುಣ ಬದಲಾದರೆ ಕಾರಣ ಆ ರೆಗ್ಯುಲೇಟರೇ. ಮೌಸ್ ಸರಿಸಿದಾಗ, ಪುಟ ಮೇಲೆ ಕೆಳಗೆ ಮಾಡಿದಾಗ ‘ಕೀಂ’ ಎಂದು ಏರಿಳಿಯುವ ಸಣ್ಣ ಸದ್ದು ಬಂದರೆ ಅದು ಕಂಪ್ಯೂಟರಿನೊಳಗಿನ ವಿದ್ಯುತ್ ಗದ್ದಲ. ಬದಲಾಗದೆ ಒಂದೇ ಸಮನೆ ಕೇಳುವ ದಪ್ಪ ಸದ್ದು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು ಅಥವಾ ಅದರ ಇಮ್ಮಡಿಯಾದ 100 ಹರ್ಟ್ಸಿನದು.

ಮೊದಲ ಪರೀಕ್ಷೆಗೆ ಕಾಸೂ ಬೇಡ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ಅಲ್ಲೇ ನಿಂತರೆ ಅರ್ಥಿಂಗ್ ಸುತ್ತು, ಅಂದರೆ ಗ್ರೌಂಡ್ ಲೂಪ್, ಸಿಕ್ಕಿತೆಂದೇ ಲೆಕ್ಕ. ಆಂಪ್ಲಿಫೈಯರ್ ಒಂದು ಸಾಕೆಟ್ಟಿನಲ್ಲಿ, ಚಾರ್ಜರ್ ಕೋಣೆಯ ಇನ್ನೊಂದು ಮೂಲೆಯಲ್ಲಿ ಇದ್ದು, ಎರಡೂ ತಮ್ಮ ತಮ್ಮ ಅರ್ಥಿಂಗ್ ಮೂಲಕವೂ ಆಡಿಯೊ ಕೇಬಲ್ಲಿನ ಹೊರತಂತಿಯ ಮೂಲಕವೂ ಸೇರಿದಾಗ ಆ ಸುತ್ತಿನಲ್ಲಿ ಹರಿಯುವ ಸಣ್ಣ ವಿದ್ಯುತ್ತೇ ಸದ್ದಾಗುತ್ತದೆ. ಎಲ್ಲ ಸಾಧನಗಳನ್ನೂ ಒಂದೇ ಒಳ್ಳೆಯ ಪವರ್ ಸ್ಟ್ರಿಪ್ಪಿಗೆ ತರುವುದು ಅಗ್ಗದ ಪರಿಹಾರ. ಇಂಟರ್‌ಫೇಸ್ ಮತ್ತು ಮಿಕ್ಸರ್ ಎರಡರಲ್ಲೂ ಬ್ಯಾಲೆನ್ಸ್ಡ್ ಜ್ಯಾಕ್‌ಗಳಿದ್ದರೆ (ಒಂದೇ ಧ್ವನಿಯನ್ನು ನೇರವಾಗಿಯೂ ತಲೆಕೆಳಗಾಗಿಯೂ ಎರಡು ತಂತಿಗಳಲ್ಲಿ ಒಯ್ಯುವಂಥವು) ಅಂಥ ಕೇಬಲ್ ಹಾಕುವುದು ನಂತರದ್ದು. ಅದಕ್ಕೂ ಬಗ್ಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಧ್ವನಿಯನ್ನು ಮಿಕ್ಸರಿಗೆ ಹೊಂದುವಂತೆ ದಾಟಿಸುವ ಸಣ್ಣ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬಹುದು. ಕಂಪ್ಯೂಟರಿಗೂ ಸಾಧನಕ್ಕೂ ನಡುವಿನ ನೇರ ವಿದ್ಯುತ್ ಸಂಪರ್ಕ ಬಿಡಿಸಲು ಯುಎಸ್‌ಬಿ ಐಸೊಲೇಟರ್ ಎಂದು ಮಾರುವ ಅಗ್ಗದ ಪೆಟ್ಟಿಗೆಗಳಲ್ಲಿ ಹಲವು ಸೆಕೆಂಡಿಗೆ 12 ಮೆಗಾಬಿಟ್‌ನ ಹಳೆಯ ವೇಗವನ್ನಷ್ಟೇ ದಾಟಿಸುತ್ತವೆ, ಯುಎಸ್‌ಬಿ 2.0ರ ಪೂರ್ಣ ವೇಗ ಬೇಡುವ ಇಂಟರ್‌ಫೇಸ್‌ಗಳು ಅದರ ಮೂಲಕ ನಡೆಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಇರಲಿ, ಅಂತರ್ಜಾಲದಲ್ಲೇ ಇರಲಿ, ಕೊಳ್ಳುವ ಮೊದಲು ವೇಗವನ್ನು ಕೇಳಿ ತಿಳಿಯಬೇಕು.

ಈ ಸದ್ದು ನಿಲ್ಲಿಸಲು ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸುವ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವ ಅಭ್ಯಾಸ ನಮ್ಮ ಸಭಾಂಗಣಗಳಲ್ಲಿ ಇಂದಿಗೂ ಇದೆ. ಸದ್ದು ನಿಲ್ಲುವುದೂ ನಿಜ. ಆದರೆ ಒಳಗೆ ಒಂದು ತಂತಿ ಸಡಿಲಗೊಂಡು ಲೋಹದ ಕವಚಕ್ಕೆ ತಾಗಿದ ದಿನ 230 ವೋಲ್ಟ್ ನೇರವಾಗಿ ಮೈಕಿನ ಮೈಗೆ, ಅಲ್ಲಿಂದ ಹಾಡುವವರ ತುಟಿಗೆ ಬರುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಬೇರೆ. ಅದು ಧ್ವನಿಯ ತಂತಿಯ ಗ್ರೌಂಡನ್ನು ಬಿಡಿಸುತ್ತದೆಯೇ ಹೊರತು ವಿದ್ಯುತ್ತಿನ ಅರ್ಥಿಂಗನ್ನಲ್ಲ.

ಗಾಯಕಿಯ ಧ್ವನಿ ಮಾಯ, ಹಿಮ್ಮೇಳ ಮಾತ್ರ ಕೇಳುತ್ತದೆ

ಒಂದು ತಾಲೀಮಿಗೆ ನನ್ನನ್ನು ಕರೆದಾಗ ಹೇಳಿದ್ದು ‘ಫೈಲ್ ಕರಾಪ್ಟ್ ಆಗಿದೆ, ಹಾಡಿದವರ ಧ್ವನಿ ಅಳಿಸಿಹೋಗಿದೆ’ ಎಂದು. ಹೋಗಿ ಕೇಳಿದರೆ ವೀಣೆ ಇದೆ, ಕೊಳಲಿನ ಪ್ರತಿಧ್ವನಿ ಇದೆ, ಗಾಯಕಿ ಮಾತ್ರ ಬಾವಿಯೊಳಗಿಂದ ಹಾಡಿದಂತೆ ಎಲ್ಲೋ ದೂರ. ಫೈಲ್ ಸಂಪೂರ್ಣ ಸರಿಯಿತ್ತು. ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಸ್ಟೀರಿಯೊ ಕೇಬಲ್ಲನ್ನು ತಂದು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದ್ದರು.

ಎರಡು ಕಪ್ಪು ಗೆರೆಯ ಪ್ಲಗ್ ಸ್ಟೀರಿಯೊದಲ್ಲಿ ಎಡ ಬಲಗಳನ್ನು ಹೊರುತ್ತದೆ. ಅದೇ ಪ್ಲಗ್ ಬ್ಯಾಲೆನ್ಸ್ಡ್ ಇನ್‌ಪುಟ್‌ನಲ್ಲಿ ಒಂದೇ ಧ್ವನಿಯ ನೇರ ಮತ್ತು ತಲೆಕೆಳಗಾದ ರೂಪಗಳನ್ನು ಹೊರಬೇಕು. ಮಿಕ್ಸರ್ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎಡದಲ್ಲೂ ಬಲದಲ್ಲೂ ಸಮನಾಗಿರುವ ಗಾಯನ ಮತ್ತು ಮೃದಂಗ ಕಳೆದುಹೋಗಿ, ಎಡಬಲಗಳಲ್ಲಿ ಬೇರೆಬೇರೆಯಾಗಿರುವ ಹಿಮ್ಮೇಳ ಮತ್ತು ಪ್ರತಿಧ್ವನಿ ಮಾತ್ರ ಉಳಿಯುತ್ತವೆ. ಒಂದು ಸ್ಟೀರಿಯೊ ಪ್ಲಗ್ಗಿನಿಂದ ಎರಡು ಮೋನೊ ಪ್ಲಗ್‌ಗಳಾಗಿ ಕವಲೊಡೆಯುವ ವೈ ಕೇಬಲ್ ತಂದು ಮಿಕ್ಸರ್‌ನ ಎರಡು ಚಾನೆಲ್‌ಗಳಿಗೆ ಹಾಕಿದರೆ ಗಾಯಕಿ ಮರಳಿ ಬರುತ್ತಾರೆ. ಇಂಟರ್‌ಫೇಸ್ ಇದ್ದರಂತೂ ಅದರ ಎರಡು ಲೈನ್ ಔಟ್‌ಪುಟ್‌ಗಳಿಂದ ಎರಡು ಬೇರೆ ಕೇಬಲ್‌ಗಳನ್ನು ಎಳೆಯಬೇಕು. ಅದರ ಹೆಡ್‌ಫೋನ್ ಜ್ಯಾಕಿನಿಂದ ಒಂದೇ ಕೇಬಲ್ಲನ್ನು ಮಿಕ್ಸರಿನ ಒಂದೇ ಇನ್‌ಪುಟ್‌ಗೆ ಎಳೆದರೆ ಇದೇ ಕಥೆ ಮರುಕಳಿಸುತ್ತದೆ.

ಧ್ವನಿ ಒಡೆಯುತ್ತದೆ, ಅಥವಾ ತೀರಾ ಸಣ್ಣದಾಗಿದೆ

ವೃತ್ತಿಪರ ಲೈನ್ ಮಟ್ಟ ಸುಮಾರು 1.23 ವೋಲ್ಟ್, ಮನೆಬಳಕೆಯ ಸಾಧನಗಳದು 0.316 ವೋಲ್ಟ್, ಮೈಕಿನದು ಕೆಲವೇ ಮಿಲಿವೋಲ್ಟ್. ಲೈನ್ ಧ್ವನಿಯನ್ನು ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಗೇನ್ (ಒಳಬರುವ ಧ್ವನಿಯನ್ನು ಹಿಗ್ಗಿಸುವ ನಾಬ್) ಪೂರ್ತಿ ಇಳಿಸಿದರೂ ಒಡೆಯಬಹುದು. ಮಿಕ್ಸರಿನಲ್ಲೂ ರೆಕಾರ್ಡರಿನಲ್ಲೂ ಲೈನ್ ಎಂಬ ಆಯ್ಕೆಯನ್ನು ಹುಡುಕಿ ಒತ್ತಬೇಕು. ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮೈಕ್ ಕಿಂಡಿಗೆ ಲ್ಯಾಪ್‌ಟಾಪನ್ನು ಜೋಡಿಸುವ ಮೊದಲು 48 ವೋಲ್ಟಿನ ಫ್ಯಾಂಟಮ್ ಗುಂಡಿ, ರೆಕಾರ್ಡರಿನ ಸಣ್ಣ ಕಿಂಡಿಯಾದರೆ ಪ್ಲಗ್-ಇನ್ ಪವರ್ ಆರಿದೆಯೇ ಎಂದು ನೋಡುವುದು ಕಡ್ಡಾಯ. ಆ ವೋಲ್ಟ್ ಮೈಕಿಗಾಗಿ ಇದೆ, ಲ್ಯಾಪ್‌ಟಾಪಿನ ಜ್ಯಾಕಿಗಲ್ಲ.

ಸಣ್ಣ ಧ್ವನಿ ಮತ್ತು ಹಿಂದೆ ‘ಸುಯ್’ ಎಂಬ ಸದ್ದಿದ್ದರೆ, ತಂತ್ರಾಂಶದಲ್ಲಿ ಧ್ವನಿ ಇಳಿಸಿ ಆಂಪ್ಲಿಫೈಯರಿನಲ್ಲಿ ಏರಿಸಿರುತ್ತಾರೆ. ಇದನ್ನು ತಿರುಗಿಸಿ: ಆಂಪ್ಲಿಫೈಯರ್ ಇಳಿಸಿ, ಕಂಪ್ಯೂಟರಿನ ಧ್ವನಿಯನ್ನು ಪೂರ್ತಿಯ ಹತ್ತಿರಕ್ಕೆ ಒಯ್ದು, ಜೋರು ಎಷ್ಟಿರಬೇಕೆಂಬುದನ್ನು ಕೊನೆಯ ನಾಬಿನಲ್ಲಿ ನಿರ್ಧರಿಸಿ.

ಒಂದೇ ಹಾಡು ಎರಡೆರಡು ಸಲ ಕೇಳಿಸಿದರೆ, ತಂತ್ರಾಂಶದಲ್ಲಿ ಧ್ವನಿಯನ್ನು ಮರಳಿ ಕೇಳಿಸುವ ಲೂಪ್‌ಬ್ಯಾಕ್ ಅಥವಾ ಮಾನಿಟರ್ ಆಯ್ಕೆ ಹೊತ್ತಿದೆ, ಆಫ್ ಮಾಡಿದರೆ ಮುಗಿಯಿತು. ತೆರೆದ ಮೈಕೊಂದು ಕೋಣೆಯಲ್ಲಿದ್ದು ಕಿರಿಚಲು ತೊಡಗಿದರೆ ಮೊದಲು ಇಳಿಸಬೇಕಾದದ್ದು ಮೈಕಿನ ಗೇನ್.

ಒಂದು ಫೈಲಿನಲ್ಲಿ ಮಾತ್ರ ತೊಂದರೆ

ಉಳಿದ ಫೈಲ್‌ಗಳು ಸರಿಯಾಗಿ ನುಡಿದು ಒಂದು ಮಾತ್ರ ಕೆಟ್ಟರೆ ಸಾಧನವನ್ನು ಮುಟ್ಟಬೇಡಿ. ಇಡೀ ರಾತ್ರಿಯ ಪ್ರದರ್ಶನವನ್ನು ಒಂದೇ ವೇವ್ ಫೈಲಾಗಿ ಮುದ್ರಿಸಿದ್ದರೆ, ಆ ಬಗೆಯ ಫೈಲ್ 4 ಗಿಗಾಬೈಟ್ ದಾಟಿ ತನ್ನ ಉದ್ದವನ್ನು ಬರೆದುಕೊಳ್ಳಲಾರದು. ಕೆಲವು ತಂತ್ರಾಂಶಗಳು ಅದನ್ನು ಅರ್ಧಕ್ಕೇ ಮುಗಿದಂತೆ ತೋರಿಸುತ್ತವೆ. ನಾಲ್ಕು ಮೈಕಿನ ರೆಕಾರ್ಡರಿನಲ್ಲಿ ಒಂದೇ ಫೈಲಾಗಿ ಮುದ್ರಿಸಿದ್ದರೆ ಸಾಮಾನ್ಯ ಪ್ಲೇಯರ್ ಮೊದಲ ಎರಡು ಚಾನೆಲ್‌ಗಳನ್ನಷ್ಟೇ ಕೇಳಿಸಬಹುದು. ಎಡಗಡೆ ಮಾತ್ರ ಕೇಳುವ ಹಾಡನ್ನು ಅಲೆಯ ಚಿತ್ರವಾಗಿ ತೆರೆದು ನೋಡಿದರೆ ಬಲದ ಗೆರೆ ಚಪ್ಪಟೆಯಾಗಿರುವುದು ಕಾಣುತ್ತದೆ. ಅಂದರೆ ಮುದ್ರಣವೇ ಒಂದು ಮೈಕಿನದು. ಪರೀಕ್ಷೆ ಮಾಡುವಾಗ ಮೂಲ ಫೈಲಿನ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡೇ ಕೈಹಾಕಬೇಕು.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ, ಸಾಧನದ ಮೈ ಮುಟ್ಟಲಾಗದಷ್ಟು ಬಿಸಿ, ಆಂಪ್ಲಿಫೈಯರಿನ ಫ್ಯೂಸ್ ಹಾಕಿದಷ್ಟೂ ಸಲ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಪ್ಲಗ್ ಕಿತ್ತು ಅಲ್ಲಿಗೇ ಬಿಡಬೇಕು. ಆಂಪ್ಲಿಫೈಯರಿನೊಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಕವಚ ಬಿಚ್ಚುವುದು ತಿಳಿದವರ ಕೆಲಸ. ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಸಣ್ಣಗೆ ಜುಮ್ಮೆನ್ನುವುದು ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಸಾಮಾನ್ಯ. ಆದರೆ ಮೂರು ಪಿನ್ನಿನ ಚಾರ್ಜರಿನಲ್ಲೂ ಹಾಗಾದರೆ, ಅಥವಾ ಮಿಕ್ಸರ್, ಮೈಕ್‌ಗಳಿಂದ ಶಾಕ್ ಹೊಡೆದರೆ ಕಟ್ಟಡದ ಅರ್ಥಿಂಗ್ ಸರಿಯಿಲ್ಲದಿರಬಹುದು. ಆಗ ಕರೆಯಬೇಕಾದದ್ದು ಸೌಂಡ್‌ನವರನ್ನಲ್ಲ, ಎಲೆಕ್ಟ್ರಿಷಿಯನ್‌ನನ್ನು. ಅವರು ಬಂದು ನೋಡುವವರೆಗೆ ಅಲ್ಲಿ ಯಾರೂ ಮೈಕ್ ಹಿಡಿಯಬಾರದು.

ಬೇರೊಂದು ಕಂಪ್ಯೂಟರ್, ಬೇರೊಂದು ಕೇಬಲ್, ಬೇರೊಂದು ಫೈಲ್, ಮೂರನ್ನೂ ಬದಲಿಸಿದ ಮೇಲೂ ಇಂಟರ್‌ಫೇಸಿನ ಹೆಡ್‌ಫೋನ್ ಜ್ಯಾಕಿನಲ್ಲಿ ಅದೇ ದೋಷ ಕೇಳಿದರೆ ಸಾಧನವೇ ಕೆಟ್ಟಿದೆ ಎನ್ನಲು ಅಡ್ಡಿಯಿಲ್ಲ. ರಿಪೇರಿಗೆ ಕೊಡುವಾಗ ಯಾವ ಕಿಂಡಿಯಲ್ಲಿ, ಯಾವ ದರದಲ್ಲಿ, ಚಾರ್ಜರ್ ಇದ್ದಾಗಲೋ ಇಲ್ಲದಾಗಲೋ ದೋಷ ಕೇಳಿಸಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ದೋಷ ಕೇಳಿಸಿದ ಫೈಲನ್ನು ಪೆನ್ ಡ್ರೈವಿನಲ್ಲಿ ಹಾಕಿ, ಬಳಸಿದ ಕೇಬಲ್‌ಗಳನ್ನೂ ಜೊತೆಗೆ ಕೊಡಿ.